ಅಲಬಾಮಾಕ್ಕೆ ಹೊರಟವನಿಗೆ

ಮಗೂ,

ಮುಂದಿನ ತಿಂಗಳು ಈ ಹೊತ್ತಿಗೆ ನೀನು ಅಮೆರಿಕದ ಆಬರ್ನಿನಲ್ಲಿರುತ್ತೀಯ. ಹುಳಿಪುಡಿ, ಚಟ್ನಿಪುಡಿ ಎಷ್ಟು ಕೊಂಡೊಯ್ಯಬೇಕು, ಬ್ಯಾಂಕ್ ಖಾತೆ ಹೇಗೆ ತೆರೆಯಬೇಕು, ಕಾರು ಯಾವಾಗ ಕೊಳ್ಳಬೇಕು ಎಂದು ಹೇಳಿಕೊಡುವವರು ಮನೆ ತುಂಬ ಇದ್ದಾರೆ. ಒಂದು ಮಾತನ್ನಂತೂ ನಿನಗೆ ಹಲವರು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: ಕರಿಯರಿರುವ ಏರಿಯಾದಲ್ಲಿ ಮನೆ ಮಾಡಬೇಡ. ಹೇಳಿದವರಿಗೆ ನಿನ್ನ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಏರಿಯಾ ಹೇಗೆ ಹುಟ್ಟಿತು, ಅಲ್ಲಿರುವವರು ಯಾರು, ನೀನು ಆ ದೇಶದೊಳಗೆ ಕಾಲಿಡುವುದಕ್ಕೂ ಅವರಿಗೂ ಏನು ಸಂಬಂಧ ಎಂದು ಯಾರೊಬ್ಬರೂ ಹೇಳಲಿಲ್ಲ. ಅದನ್ನು ಹೇಳಲೆಂದೇ ನಿನ್ನ ದೊಡ್ಡಮ್ಮ ಈ ಕಾಗದ ಬರೆಯುತ್ತಿದ್ದಾಳೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು, ಸ್ವಲ್ಪ ಉದ್ದವಾದರೆ ಸಹಿಸಿಕೋ.

ನೀನು ಓದಲಿರುವ ವಿಶ್ವವಿದ್ಯಾಲಯಕ್ಕೆ ಮೊದಲ ಕಪ್ಪು ವಿದ್ಯಾರ್ಥಿ ಸೇರಿದ್ದು 1964ರ ಜನವರಿಯಲ್ಲಿ, ಅದೂ ನ್ಯಾಯಾಲಯದ ಆದೇಶದ ಬಲದಿಂದ. ಆಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಇದು ನನ್ನ ಆಯುಷ್ಯದೊಳಗಿನ ಕಥೆ ಎಂದು ಮೊದಲು ತಿಳಿದುಕೋ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಮಾಂಟ್ಗೊಮರಿ. ಆ ಊರಿನ ಹೆಸರು ಕೇಳಿದರೆ ನಿನಗೆ ರೋಸಾ ಪಾರ್ಕ್ಸ್ ನೆನಪಾಗುತ್ತಾರೆ. ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಕೂತ ಹೆಂಗಸು. 1955ರ ಡಿಸೆಂಬರ್ 1. ನಾನು ನಿನಗೆ ಹೇಳಬೇಕಾದ್ದು ಅದಕ್ಕೂ ಒಂಬತ್ತು ತಿಂಗಳು ಹಿಂದಿನ ಇನ್ನೊಂದು ಬಸ್ಸಿನ ಕಥೆ.

ಅದೇ ವರ್ಷ ಮಾರ್ಚ್ 2. ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದು ವರ್ಷದ ಹುಡುಗಿ ಶಾಲೆ ಬಿಟ್ಟು ಬಸ್ಸು ಹತ್ತಿದಳು. ಆ ಊರಿನ ಬಸ್ಸಿನಲ್ಲಿ ಮುಂದಿನ ಹತ್ತು ಸೀಟು ಬಿಳಿಯರಿಗೇ ಮೀಸಲು. ಕಪ್ಪು ಜನರು ಮುಂಬಾಗಿಲಲ್ಲಿ ಹತ್ತಿ ದುಡ್ಡು ಕೊಟ್ಟು, ಮತ್ತೆ ಕೆಳಗಿಳಿದು ಹಿಂಬಾಗಿಲಿಗೆ ಹೋಗಿ ಹತ್ತಬೇಕಿತ್ತು. ಬಿಳಿಯರ ಸೀಟು ತುಂಬಿದರೆ ಹಿಂದಿನವರು ಎದ್ದು ಜಾಗ ಬಿಡಬೇಕು. ಆ ದಿನ ಒಬ್ಬ ಬಿಳಿಯ ಹೆಂಗಸಿಗಾಗಿ ಏಳು ಎಂದಾಗ ಕ್ಲಾಡೆಟ್ ಏಳಲಿಲ್ಲ. ದುಡ್ಡು ಕೊಟ್ಟಿದ್ದೇನೆ, ಇಲ್ಲಿ ಕೂರುವುದು ನನ್ನ ಹಕ್ಕು ಎಂದಳು. ಪೊಲೀಸರು ಎಳೆದು ಇಳಿಸಿ, ಬೇಡಿ ಹಾಕಿ, ದೊಡ್ಡವರನ್ನು ಇಡುವ ಜೈಲಿಗೆ ಹಾಕಿದರು. ಪೊಲೀಸರ ಮೇಲೆ ಹಲ್ಲೆ ಮಾಡಿದಳೆಂಬ ಆರೋಪವನ್ನೂ ಹೊರಿಸಿದರು.

ಹಾಗಿದ್ದರೆ ಹೋರಾಟ ಮಾರ್ಚಿನಲ್ಲೇ ಯಾಕೆ ಶುರುವಾಗಲಿಲ್ಲ? ಊರಿನ ಕಪ್ಪು ಮುಖಂಡರು ಯೋಚಿಸಿದರು, ಮಾತಾಡಿಕೊಂಡರು, ಕೊನೆಗೆ ಈ ಹುಡುಗಿಯನ್ನು ಮುಂದಿಟ್ಟುಕೊಂಡು ಹೋಗುವುದು ಬೇಡವೆಂದರು. ಅವಳು ಇನ್ನೂ ಎಳೆಯವಳು. ಇದ್ದದ್ದು ಕಿಂಗ್ ಹಿಲ್ ಎಂಬ ಬಡವರ ಕೇರಿಯಲ್ಲಿ. ಸಾಕಿದ ತಂದೆ ಬೇರೆಯವರ ಅಂಗಳದ ಹುಲ್ಲು ಕತ್ತರಿಸುತ್ತಿದ್ದ, ತಾಯಿ ಬಿಳಿಯರ ಮನೆಗೆಲಸದವಳು. ಹುಡುಗಿಯ ಬಣ್ಣ ಗಾಢ ಕಪ್ಪು. ಕೆಲವೇ ತಿಂಗಳಲ್ಲಿ ಮದುವೆಯಿಲ್ಲದೆ ಬಸುರಿಯೂ ಆದಳು. ತನ್ನ ಮೈಬಣ್ಣ, ಬಡತನ, ಬಸಿರು ಇವೆಲ್ಲ ಸೇರಿ ತನ್ನನ್ನು ಪಕ್ಕಕ್ಕೆ ಸರಿಸಿದವು ಎಂದು ದೊಡ್ಡವಳಾದ ಮೇಲೆ ಅವಳೇ ಹೇಳಿದ್ದಾಳೆ. ಅಕ್ಟೋಬರಿನಲ್ಲಿ ಮೇರಿ ಲೂಯಿಸ್ ಸ್ಮಿತ್ ಎಂಬ ಹದಿನೆಂಟರ ಹುಡುಗಿ ಇದೇ ಕಾರಣಕ್ಕೆ ಬಂಧಿತಳಾದಾಗಲೂ ಹಾಗೇ ಆಯಿತು. ಅವಳ ಅಪ್ಪ ಕುಡುಕ ಎಂಬ ಗಾಳಿಮಾತು ಹಬ್ಬಿತ್ತು.

ಮುಖಂಡರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಬಿಳಿಯರ ಪತ್ರಿಕೆಗಳು, ಬಿಳಿಯ ವಕೀಲರು ಒಬ್ಬ ಬಡ ಬಸುರಿ ಹುಡುಗಿಯನ್ನು ಹೇಗೆ ಹರಿದು ಹಾಕುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಮುಂದಿಟ್ಟುಕೊಂಡ ರೋಸಾ ಪಾರ್ಕ್ಸ್ ಕೂಡ ಕಾಲುನೋವಿಗೆ ಏಳಲಾರದೆ ಕೂತ ಬಡಪಾಯಿಯಲ್ಲ. ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಆಕೆ ವರ್ಷಗಟ್ಟಲೆ ಸಂಘಟನೆಯಲ್ಲಿ ದುಡಿದವರು. 1944ರಲ್ಲಿ ಅದೇ ಅಲಬಾಮಾದ ಅಬ್ಬೆವಿಲ್ ಎಂಬ ಊರಲ್ಲಿ ಚರ್ಚಿನಿಂದ ಮನೆಗೆ ಹೋಗುತ್ತಿದ್ದ ರೀಸಿ ಟೇಲರ್ ಎಂಬ ಬಡ ಕಪ್ಪು ಹೆಂಗಸನ್ನು ಆರು ಮಂದಿ ಬಿಳಿಯರು ಹೊತ್ತೊಯ್ದು ಕೆಡಿಸಿದಾಗ, ಅಲ್ಲಿಗೆ ಹೋಗಿ ವಿಚಾರಣೆ ಮಾಡಿ ವರದಿ ತಂದವರು ಇದೇ ರೋಸಾ. ಎರಡು ಸಲ ಜ್ಯೂರಿ ಕೂತರೂ ಒಬ್ಬನ ಮೇಲೂ ಮೊಕದ್ದಮೆ ನಡೆಯಲಿಲ್ಲ. ಅಲಬಾಮಾ ಶಾಸನಸಭೆ ಕ್ಷಮೆ ಕೇಳಿದ್ದು 2011ರಲ್ಲಿ.

ರೋಸಾ ಬಂಧನವಾದ ಮೇಲೆ ಕಪ್ಪು ಜನರು ಹೂಡಿದ ಬಸ್ಸಿನ ಬಹಿಷ್ಕಾರ 381 ದಿನ ನಡೆಯಿತು. ಯಾರು ನಡೆದರು ಗೊತ್ತೇ? ಆ ಬಸ್ಸುಗಳನ್ನು ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು, ಬೆಳಗಾದರೆ ಊರಿನ ಆ ತುದಿಯ ಬಿಳಿಯರ ಅಡುಗೆಮನೆಗಳಿಗೆ ಹೋಗಬೇಕಾದವರು. ಅವರು ನಡೆದರು. ಕರಪತ್ರ ಹಂಚಿದ್ದು ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ. ಒಂದೇ ರಾತ್ರಿಯಲ್ಲಿ ಹತ್ತಾರು ಸಾವಿರ ಪ್ರತಿ ತೆಗೆದರು. ಬಸ್ಸು ಬಹಿಷ್ಕರಿಸುತ್ತೇವೆಂದು ಅವರ ಮಹಿಳಾ ಸಂಘ ಮೇಯರಿಗೆ ಪತ್ರ ಬರೆದು ಎಚ್ಚರಿಸಿದ್ದು 1954ರ ಮೇ ತಿಂಗಳಲ್ಲೇ. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವಳು ಕೋಳಿ, ಕಡುಬು ಮಾಡಿ ಮಾರಿ ಹೋರಾಟಕ್ಕೆ ದುಡ್ಡು ಕೂಡಿಸಿದಳು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ ಮೇಲೆ ಅವಳ ಕೆಲಸ ಹೋಯಿತು. ವೇದಿಕೆಯ ಮೇಲೆ ಮಾತಾಡಿದವರು ಮಾತ್ರ ಹೆಚ್ಚಾಗಿ ಗಂಡಸರು, ಪಾದ್ರಿಗಳು.

ಇನ್ನೊಂದು ಸಂಗತಿ. ಬಸ್ಸಿನಲ್ಲಿ ಬೇರೆ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪು ಬಂದದ್ದು ರೋಸಾ ಪಾರ್ಕ್ಸ್ ಮೊಕದ್ದಮೆಯಲ್ಲಿ ಅಲ್ಲ. ಬ್ರೌಡರ್ ವಿರುದ್ಧ ಗೇಲ್ ಎಂಬ ಮೊಕದ್ದಮೆಯಲ್ಲಿ. 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದರ ವಾದಿಗಳು ನಾಲ್ವರು ಹೆಂಗಸರು. ಒಬ್ಬರು ಎಪ್ಪತ್ತು ದಾಟಿದ ಮುದುಕಿ, ಒಬ್ಬಳು ಆ ಮೇರಿ ಲೂಯಿಸ್, ಇನ್ನೊಬ್ಬಳು ಆ ಕ್ಲಾಡೆಟ್. ಮುಖವಾಗಲು ಬೇಡವಾದ ಹುಡುಗಿ ಸಾಕ್ಷಿಕಟ್ಟೆಯಲ್ಲಿ ನಿಂತು ಆ ಕಾನೂನನ್ನು ಬೀಳಿಸಿದಳು. ಆಮೇಲೆ ಆ ಊರಿನಲ್ಲಿ ಕೆಲಸ ಸಿಗದೆ ನ್ಯೂಯಾರ್ಕಿಗೆ ಹೋಗಿ, ವೃದ್ಧರ ಆರೈಕೆ ಮನೆಯಲ್ಲಿ ಸಹಾಯಕಿಯಾಗಿ ದಶಕಗಟ್ಟಲೆ ದುಡಿದಳು. ಬಾಲಕಿಯಾಗಿದ್ದಾಗಿನ ಆ ಅಪರಾಧದ ದಾಖಲೆಯನ್ನು ನ್ಯಾಯಾಲಯ ಅಳಿಸಿದ್ದು 2021ರಲ್ಲಿ, ಅವಳಿಗೆ 82 ವರ್ಷವಾದಾಗ.

ಇಷ್ಟು ವಿವರವಾಗಿ ಯಾಕೆ ಹೇಳಿದೆ ಎಂದರೆ, ಬಣ್ಣದ ತಾರತಮ್ಯ ಒಂದು, ಬಡತನ ಇನ್ನೊಂದು, ಹೆಣ್ಣೆಂಬ ಕಾರಣಕ್ಕೆ ಆಗುವ ಅನ್ಯಾಯ ಮತ್ತೊಂದು ಎಂದು ನಾವು ಬೇರೆ ಬೇರೆ ಪಾಠವಾಗಿ ಓದುತ್ತೇವೆ. ಬದುಕಿನಲ್ಲಿ ಅವು ಹುರಿಗೊಂಡ ಹಗ್ಗದ ಎಳೆಗಳಂತೆ ಇರುತ್ತವೆ. ಕ್ಲಾಡೆಟ್‌ಳನ್ನು ಕಟ್ಟಿದ್ದು ಯಾವ ಎಳೆ ಎಂದು ಬಿಡಿಸಿ ತೋರಿಸಲಾಗದು. ಬಿಳಿಯರ ಕಾನೂನು ಅವಳನ್ನು ಬಣ್ಣಕ್ಕಾಗಿ ಜೈಲಿಗೆ ಹಾಕಿತು, ಅವಳ ಬಣ್ಣದವರೇ ಬಡತನಕ್ಕೂ ಬಸಿರಿಗೂ ಅವಳನ್ನು ಹಿಂದೆ ಬಿಟ್ಟರು. ಅನ್ಯಾಯವನ್ನು ಎದುರಿಸುವ ಕೂಟದೊಳಗೂ ಹಿಂದಿನ ಸಾಲಿನಲ್ಲಿ ಒಬ್ಬಳು ಇರುತ್ತಾಳೆ ಮಗೂ. ಎಲ್ಲಿ ಹೋದರೂ ಮೊದಲು ಅವಳನ್ನು ಹುಡುಕು. ಅವಳು ಕಂಡರೆ ಉಳಿದದ್ದೆಲ್ಲ ಕಾಣುತ್ತದೆ.

ಈಗ ಆ ಏರಿಯಾದ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ 1935ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂತು, 1938ರಲ್ಲಿ ಕನಿಷ್ಠ ಕೂಲಿಯ ಕಾನೂನು ಬಂತು. ಎರಡರಿಂದಲೂ ಹೊಲದ ಕೂಲಿಗಳನ್ನು, ಮನೆಗೆಲಸದವರನ್ನು ಹೊರಗಿಟ್ಟರು. ಕಾನೂನಿನಲ್ಲಿ ಕಪ್ಪು ಎಂಬ ಪದವೇ ಇರಲಿಲ್ಲ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಗಂಡಸರು ಹೊಲದಲ್ಲಿದ್ದರು, ಕಪ್ಪು ಹೆಂಗಸರು ಬಿಳಿಯರ ಅಡುಗೆಮನೆಯಲ್ಲಿದ್ದರು. ಮನೆಗೆಲಸದವರಿಗೆ ಕನಿಷ್ಠ ಕೂಲಿಯ ಹಕ್ಕು ಸಿಕ್ಕಿದ್ದು 1974ರಲ್ಲಿ. (ನಮ್ಮಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿದ್ದು 2004ರಲ್ಲಿ. ನಿಮ್ಮ ಬಡಾವಣೆಯಲ್ಲಿ ಅದನ್ನು ಲೆಕ್ಕಹಾಕಿ ಕೊಡುವ ಮನೆ ಯಾವುದಿದೆ ಎಂದು ವಿಚಾರಿಸಿ ನೋಡು.)

ಆಮೇಲೆ ಮನೆಸಾಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿಸಿ, ಕಪ್ಪು ಜನರಿರುವ ಕೇರಿಗಳಿಗೆ ಕೆಂಪು ಬಣ್ಣ ಬಳಿಸಿತು. ಕೆಂಪು ಎಂದರೆ ಸಾಲ ಕೊಟ್ಟರೆ ಅಪಾಯ ಎಂದು ಅರ್ಥ. ಸರ್ಕಾರ ಜಾಮೀನು ನಿಂತ ಮನೆಸಾಲಗಳಲ್ಲಿ ಹೆಚ್ಚಿನವು ಬಿಳಿಯರ ಹೊಸ ಬಡಾವಣೆಗಳಿಗೆ ಹರಿದವು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಸೈನಿಕರಿಗೂ ಹೆಚ್ಚಿನ ಕಡೆ ಆ ಸಾಲ ಕೈಗೆಟುಕಲಿಲ್ಲ. ಮನೆ ಮಾರಾಟದಲ್ಲಿ ಬಣ್ಣ ನೋಡಬಾರದೆಂಬ ಕಾನೂನು ಬಂದದ್ದು 1968ರಲ್ಲಿ. ಅಷ್ಟರಲ್ಲಿ ಎರಡು ತಲೆಮಾರು ಕಳೆದಿತ್ತು. ನಮ್ಮ ಕಡೆ ಭೂಮಿ ಇದ್ದವರ ಮಕ್ಕಳು ಓದಿದ ಹಾಗೆ ಅಲ್ಲಿ ಮನೆ ಇದ್ದವರ ಮಕ್ಕಳು ಓದಿದರು. ಅಲ್ಲಿನ ಫೆಡರಲ್ ರಿಸರ್ವ್ 2022ರಲ್ಲಿ ಲೆಕ್ಕ ತೆಗೆದಾಗ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ನಡುಮಟ್ಟದ ಕಪ್ಪು ಕುಟುಂಬದ್ದು 44,900 ಡಾಲರ್. ಆ ಕೇರಿಯ ರಸ್ತೆ, ಶಾಲೆ, ಅಂಗಡಿ ನೋಡಿ ಇವರು ಸೋಮಾರಿಗಳು ಎಂದು ನಿನ್ನ ರೂಮಿನಲ್ಲಿ ಯಾರಾದರೂ ಹೇಳುತ್ತಾರೆ. ಖಂಡಿತ ಹೇಳುತ್ತಾರೆ. ಆಗ ಸುಮ್ಮನಿರಬೇಡ. ಈ ನಕ್ಷೆಯ ಕಥೆ ಹೇಳು.

ಇನ್ನೊಂದು ಮೊಕದ್ದಮೆ ನಿನಗೆ ಗೊತ್ತಿರಬೇಕು. ಸೇಂಟ್ ಲೂಯಿಸ್ ಊರಿನ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ 1970ರ ದಶಕದಲ್ಲಿ ಮಂದಿಯನ್ನು ಕೆಲಸದಿಂದ ತೆಗೆದರು. ಕೊನೆಗೆ ಸೇರಿದವರು ಮೊದಲು ಹೊರಗೆ ಎಂಬುದು ನಿಯಮ. 1964ರ ನಾಗರಿಕ ಹಕ್ಕು ಕಾನೂನಿಗೆ ಮುಂಚೆ ಕಪ್ಪು ಹೆಂಗಸರನ್ನು ಅಲ್ಲಿ ಸೇರಿಸಿಕೊಳ್ಳುತ್ತಲೇ ಇರಲಿಲ್ಲ ಎನ್ನಬಹುದು. ಹಾಗಾಗಿ ಕೊನೆಗೆ ಸೇರಿದವರು ಅವರೇ. 1970ರ ನಂತರ ಸೇರಿದ್ದ ಕಪ್ಪು ಹೆಂಗಸರೆಲ್ಲರ ಕೆಲಸ ಹೋಯಿತು. ಐದು ಜನ ನ್ಯಾಯಾಲಯಕ್ಕೆ ಹೋದರು. ಕಂಪನಿ ಹೆಂಗಸರಿಗೆ ಕೆಲಸ ಕೊಟ್ಟಿದೆ, ಆದ್ದರಿಂದ ಹೆಂಗಸರಿಗೆ ಅನ್ಯಾಯವಾಗಿಲ್ಲ ಎಂದಿತು ನ್ಯಾಯಾಲಯ. ಆ ಹೆಂಗಸರು ಆಫೀಸಿನಲ್ಲಿದ್ದ ಬಿಳಿಯರು. ಬಣ್ಣದ ದೂರನ್ನು ಕಪ್ಪು ಗಂಡಸರು ಹೂಡಿದ ಇನ್ನೊಂದು ಮೊಕದ್ದಮೆಯ ಜೊತೆ ಸೇರಿಸಿಕೊಳ್ಳಿ ಎಂದಿತು. ಎರಡನ್ನೂ ಕೂಡಿಸಿ ಒಂದು ಹೊಸ ದೂರು ಮಾಡಲು ಬರುವುದಿಲ್ಲ ಎಂದು 1976ರಲ್ಲಿ ತೀರ್ಪಾಯಿತು. ಎರಡೂ ಹೊಡೆತ ಒಟ್ಟಿಗೆ ಬಿದ್ದವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲದಂತಾಯಿತು. ಕಿಂಬರ್ಲೆ ಕ್ರೆನ್ಶಾ ಎಂಬ ಕಾನೂನು ಪ್ರಾಧ್ಯಾಪಕಿ 1989ರಲ್ಲಿ ಈ ತೀರ್ಪನ್ನು ಎದುರಿಗಿಟ್ಟುಕೊಂಡು ಬರೆದ ಲೇಖನದಿಂದಲೇ ‘ಇಂಟರ್‌ಸೆಕ್ಷನಾಲಿಟಿ’ ಎಂಬ ಮಾತು ಚಾಲ್ತಿಗೆ ಬಂತು. ನಿನ್ನ ಕ್ಯಾಂಪಸ್ಸಿನಲ್ಲಿ ಅದನ್ನು ಹಗುರವಾಗಿ ಆಡುವವರು ಸಿಗುತ್ತಾರೆ. ಅದರ ಹಿಂದೆ ಕೆಲಸ ಕಳೆದುಕೊಂಡ ಐದು ಹೆಂಗಸರಿದ್ದಾರೆ ಎಂಬುದು ನಿನಗೆ ನೆನಪಿರಲಿ.

ದುಡ್ಡಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಿನ್ನ ಅಪ್ಪ ಹೇಳುವುದುಂಟು. ಬಹಳಷ್ಟು ಸರಿಹೋಗುತ್ತದೆ, ನಿಜ. ಎಲ್ಲವೂ ಅಲ್ಲ. ಮಾಂಟ್ಗೊಮರಿಯ ಶಾಸನಸಭೆಯ ಅಂಗಳದಲ್ಲಿ ಜೆ. ಮೇರಿಯನ್ ಸಿಮ್ಸ್ ಎಂಬ ವೈದ್ಯನ ಪ್ರತಿಮೆ ಇದೆ. ಹೆರಿಗೆಯಲ್ಲಿ ಹರಿದ ಅಂಗವನ್ನು ಹೊಲಿಯುವ ಶಸ್ತ್ರಚಿಕಿತ್ಸೆ ಕಂಡುಹಿಡಿದವನೆಂದು ಅವನಿಗೆ ಹೆಸರು. ಅದನ್ನು ಅವನು ಕಲಿತದ್ದು 1845ರಿಂದ 1849ರವರೆಗೆ, ಅದೇ ಊರಿನಲ್ಲಿ, ಗುಲಾಮ ಹೆಂಗಸರ ಮೈಮೇಲೆ, ಅರಿವಳಿಕೆ ಕೊಡದೆ. ಅನಾರ್ಕಾ, ಲೂಸಿ, ಬೆಟ್ಸಿ ಎಂಬ ಮೂರು ಹೆಸರುಗಳು ಉಳಿದಿವೆ. ಅನಾರ್ಕಾಳ ಮೇಲೆ ಸುಮಾರು ಮೂವತ್ತು ಸಲ ಕತ್ತಿ ಆಡಿಸಿದ. ಈ ಹೆಂಗಸರಿಗೆ ಅಷ್ಟು ನೋವಾಗುವುದಿಲ್ಲ ಎಂಬ ನಂಬಿಕೆ ಆ ಕಾಲದ ಜೊತೆಗೇ ಸಾಯಲಿಲ್ಲ. 2017ರಲ್ಲಿ ಸೆರೆನಾ ವಿಲಿಯಮ್ಸ್ ಹೆರಿಗೆಯಾದ ಮಾರನೆಯ ದಿನ ಉಸಿರಾಟ ಕಷ್ಟವಾಗಿ, ತನಗೆ ಹಿಂದೆ ರಕ್ತ ಹೆಪ್ಪುಗಟ್ಟಿತ್ತು, ಸ್ಕ್ಯಾನ್ ಮಾಡಿ ಎಂದು ಕೇಳಿಕೊಂಡರು. ನೋವಿನ ಔಷಧಿಯಿಂದ ಮಂಕಾಗಿ ಮಾತಾಡುತ್ತಿದ್ದಾರೆ ಎಂದುಕೊಂಡಳು ನರ್ಸು. ಪಟ್ಟು ಹಿಡಿದು ಸ್ಕ್ಯಾನ್ ಮಾಡಿಸಿಕೊಂಡ ಮೇಲೆ ಶ್ವಾಸಕೋಶದಲ್ಲಿ ರಕ್ತದ ಹೆಪ್ಪು ಕಂಡಿತು. ಜಗತ್ತಿಗೆ ಗೊತ್ತಿರುವ ಆಟಗಾರ್ತಿ, ಕೋಟ್ಯಧಿಪತಿ. ಅವರ ಮಾತನ್ನೇ ನಂಬದವರು ಅಲಬಾಮಾದ ಹಳ್ಳಿಯ ಬಡ ಬಸುರಿಯ ಮಾತನ್ನು ಎಷ್ಟು ನಂಬಿಯಾರು? 2021ರಲ್ಲಿ ಆ ದೇಶದಲ್ಲಿ ಲಕ್ಷ ಜನನಕ್ಕೆ ಸತ್ತ ಕಪ್ಪು ತಾಯಂದಿರು 69.9, ಬಿಳಿಯ ತಾಯಂದಿರು 26.6.

ಇದೆಲ್ಲ ಅವರ ದೇಶದ ಜಗಳ, ನಮಗೇನು ಎಂದು ನಿನಗೆ ಅನ್ನಿಸಬಹುದು. ಕೇಳು. 1917ರ ಕಾನೂನು ನಮ್ಮವರು ಅಲ್ಲಿಗೆ ವಲಸೆ ಹೋಗುವುದನ್ನೇ ನಿಲ್ಲಿಸಿತು. ಅದಕ್ಕೂ ಮುಂಚೆ ಹೋಗಿ, ಅವರ ಸೈನ್ಯದಲ್ಲೂ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಎಂಬವರ ಪೌರತ್ವದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಲಸೆ ಬಂದವರಲ್ಲಿ ಪೌರತ್ವ ಆಗ ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ. ಥಿಂಡ್ ಪರವಾಗಿ ಮಂಡಿಸಿದ ವಾದ ಏನು ಗೊತ್ತೇ? ನಾನು ಮೇಲ್ಜಾತಿಯವನು, ಆರ್ಯ ಮೂಲದವನು, ಆದ್ದರಿಂದ ನಾನೂ ಬಿಳಿಯನೇ ಎಂದು. 1923ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೆಳಗಿನವರ ಜೊತೆ ನಿಲ್ಲುವ ಬದಲು ಮೇಲಿನವರ ಪಕ್ಕದಲ್ಲಿ ಜಾಗ ಕೇಳಿದ ಆ ವಾದ ಇತಿಹಾಸದಲ್ಲಿ ದಾಖಲಾಗಿ ಉಳಿಯಿತು. 1946ರಲ್ಲಿ ಬಾಗಿಲು ಸ್ವಲ್ಪ ತೆರೆದರು, ವರ್ಷಕ್ಕೆ ನೂರು ಜನ ಭಾರತೀಯರಿಗೆ.

ಬಾಗಿಲು ಅಗಲವಾಗಿ ತೆರೆದದ್ದು 1965ರ ಅಕ್ಟೋಬರ್ 3ರಂದು ಸಹಿಯಾದ ವಲಸೆ ಕಾನೂನಿನಿಂದ. ಹುಟ್ಟಿದ ದೇಶ ನೋಡಿ ಜನರನ್ನು ಅಳೆಯುವ ಕೋಟಾ ಹೋಯಿತು. ಅದೇ ವರ್ಷ ಮಾರ್ಚಿನಲ್ಲಿ ಮಾಂಟ್ಗೊಮರಿಯಿಂದ ಸುಮಾರು 87 ಕಿಲೋಮೀಟರ್ ದೂರದ ಸೆಲ್ಮಾ ಊರಿನ ಸೇತುವೆಯ ಮೇಲೆ, ಮತದ ಹಕ್ಕು ಕೇಳಿ ನಡೆದ ಕಪ್ಪು ಜನರನ್ನು ಪೊಲೀಸರು ಲಾಠಿಯಿಂದ, ಅಶ್ರುವಾಯುವಿನಿಂದ ಚಚ್ಚಿದ್ದರು. ಆಗಸ್ಟಿನಲ್ಲಿ ಮತದ ಹಕ್ಕಿನ ಕಾನೂನು ಬಂತು, ಅದರ ಬೆನ್ನಿಗೇ ಈ ವಲಸೆ ಕಾನೂನು. ಬಣ್ಣದ ಮೇಲೆ ಕಟ್ಟಿದ ಕಾನೂನುಗಳನ್ನು ಇಟ್ಟುಕೊಂಡು ಜಗತ್ತಿಗೆ ಮುಖ ತೋರಿಸುವುದು ಆ ದೇಶಕ್ಕೆ ಆಗ ಕಷ್ಟವಾಗಿತ್ತು, ಆ ಕಷ್ಟ ಹುಟ್ಟಿಸಿದವರು ಆ ಸೇತುವೆಯ ಮೇಲೆ ಪೆಟ್ಟು ತಿಂದವರು. ನಮ್ಮವರು ಅಲ್ಲಿ ಹೋಗಿ ನೆಲೆಸಿದ್ದರ ಹಿಂದೆ ಅವರ ರಕ್ತವಿದೆ. ಇದನ್ನು ಉತ್ಪ್ರೇಕ್ಷೆ ಎಂದುಕೊಳ್ಳಬೇಡ.

ಆ ಕಾನೂನು ಡಾಕ್ಟರು, ಇಂಜಿನಿಯರುಗಳಿಗೆ ಆದ್ಯತೆ ಕೊಟ್ಟಿತು. ಹಾಗಾಗಿ ಹೋದವರು ಇಲ್ಲಿ ಆಗಲೇ ಓದಿದವರು, ಹೆಚ್ಚಿನವರು ಮೇಲಿನ ಜಾತಿಗಳವರು, ಊರಿನಲ್ಲಿ ಏನಾದರೂ ಇದ್ದವರು. ಆರಿಸಿ ತೆಗೆದ ಕಾಳು ಚೆನ್ನಾಗಿ ಮೊಳೆತದ್ದಕ್ಕೆ ಇಡೀ ಜನಾಂಗದ ಬುದ್ಧಿಯೇ ಹಾಗೆ ಎಂದು ಈಗ ಹೊಗಳುತ್ತಾರೆ. ನೋಡಿ, ಭಾರತೀಯರು ಬಂದು ಎಷ್ಟು ಬೇಗ ಮೇಲೆ ಬಂದರು, ಕಪ್ಪು ಜನರಿಗೆ ಏನಾಗಿದೆ ಎಂದು ನಿನ್ನ ಎದುರಿಗೇ ಕೇಳುತ್ತಾರೆ. ಆ ಹೊಗಳಿಕೆಗೆ ನಗುತ್ತ ತಲೆಯಾಡಿಸಬೇಡ. ನಿನ್ನನ್ನು ಮುಂದಿಟ್ಟುಕೊಂಡು ಇನ್ನೊಬ್ಬರನ್ನು ಹೊಡೆಯುತ್ತಿದ್ದಾರೆ.

ಆ ಹೊಗಳಿಕೆಯ ಬೆಲೆ ಎಷ್ಟೆಂದೂ ಹೇಳುತ್ತೇನೆ. 2015ರ ಫೆಬ್ರವರಿಯಲ್ಲಿ ಅದೇ ಅಲಬಾಮಾದ ಮ್ಯಾಡಿಸನ್ ಊರಿನಲ್ಲಿ, ಮಗನ ಮನೆಗೆ ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ ಒಬ್ಬ ತಾತ ಬೆಳಗ್ಗೆ ವಾಕಿಂಗ್ ಹೋಗಿದ್ದರು. ಯಾರೋ ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಎಂದು ನೆರೆಯವರು ಪೊಲೀಸರಿಗೆ ಫೋನು ಮಾಡಿದರು. ಇಂಗ್ಲಿಷ್ ಬಾರದ ಆ ಹಿರಿಯರನ್ನು ಪೊಲೀಸನೊಬ್ಬ ನೆಲಕ್ಕೆ ಕೆಡವಿದ. ಬೆನ್ನುಹುರಿಗೆ ಪೆಟ್ಟಾಗಿ ಮೈಯ ಸ್ವಾಧೀನ ಭಾಗಶಃ ಹೋಯಿತು. ಪೊಲೀಸನ ಮೇಲಿನ ಮೊಕದ್ದಮೆ ಎರಡು ಸಲ ಜ್ಯೂರಿ ಒಮ್ಮತಕ್ಕೆ ಬಾರದೆ ಮುರಿದುಬಿತ್ತು, ಕೊನೆಗೆ ನ್ಯಾಯಾಧೀಶರು ಅವನನ್ನು ಬಿಡುಗಡೆ ಮಾಡಿದರು. ಮಗ ಇಂಜಿನಿಯರು, ಮನೆ ಒಳ್ಳೆಯ ಬಡಾವಣೆಯಲ್ಲಿ. ಕಿಟಕಿಯಿಂದ ನೋಡಿದವರ ಕಣ್ಣಿಗೆ ಅದೇನೂ ಕಾಣಲಿಲ್ಲ. ನಾಳೆ ಬಾಣಂತನಕ್ಕೆಂದು ನಿನ್ನ ಅಮ್ಮನೂ ಅಲ್ಲಿಗೆ ಬಂದಾಳು. ಆ ಬೀದಿಯಲ್ಲಿ ಕಪ್ಪು ಮನುಷ್ಯನೊಬ್ಬ ನಿರ್ಭಯವಾಗಿ ನಡೆಯಬಲ್ಲನಾದರೆ ಮಾತ್ರ ನಿನ್ನ ಅಮ್ಮನೂ ನಿರ್ಭಯವಾಗಿ ನಡೆಯಬಲ್ಲಳು.

ಇನ್ನು ಇಲ್ಲಿಂದ ನೀನು ಹೊತ್ತುಕೊಂಡು ಹೋಗುವುದರ ಮಾತು. ನಿನ್ನ ತಾತ, ಅಂದರೆ ನನ್ನ ಅಪ್ಪ, ಬೆಂಗಳೂರಿನಲ್ಲಿ ಓದಿದ್ದು ನಮ್ಮ ಜಾತಿಯವರು ಕಟ್ಟಿದ ಹಾಸ್ಟೆಲಿನಲ್ಲಿ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ, ಬ್ರಾಹ್ಮಣರಲ್ಲದ ಸಮುದಾಯಗಳಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಕೊಡಬೇಕೆಂದಿತು. ಆ ದಾರಿಯಲ್ಲೇ ಅಪ್ಪ ಗುಮಾಸ್ತರಾದರು, ಆಮೇಲೆ ಶಿರಸ್ತೇದಾರರಾದರು. ನಾವೆಲ್ಲ ಓದಿದೆವು. ಹಾಗೆ ಮೇಲೆ ಬಂದ ಅದೇ ಮನೆಯಲ್ಲಿ, ಗದ್ದೆ ಕಳೆ ಕೀಳಲು ಬರುತ್ತಿದ್ದ ಹೊಲಗೇರಿಯ ಹೆಂಗಸರಿಗೆ ಹಿತ್ತಲಲ್ಲಿ ತೆಂಗಿನ ಚಿಪ್ಪಿನಲ್ಲಿ ಕಾಫಿ ಹೊಯ್ಯುತ್ತಿದ್ದರು, ಮೇಲಿನಿಂದ, ತಾಕದಂತೆ. ಅವರ ಗಂಡಸರಿಗಿಂತ ಅವರಿಗೆ ಕೂಲಿಯೂ ಕಡಿಮೆ. ಒಂದು ಕಡೆ ನಮಗಾದ ಅನ್ಯಾಯಕ್ಕೆ ಪರಿಹಾರ ಪಡೆದವರು ಇನ್ನೊಂದು ಕಡೆ ಅನ್ಯಾಯ ಮಾಡುತ್ತಲೇ ಇದ್ದೆವು. ಎರಡೂ ಸತ್ಯ. ಮೀಸಲಾತಿಯನ್ನು ಹೀಯಾಳಿಸುವ ಮಾತು ಕೇಳಿದಾಗ ನಿನ್ನ ತಾತನ ಹಾಸ್ಟೆಲನ್ನೂ ಆ ಚಿಪ್ಪನ್ನೂ ಒಟ್ಟಿಗೆ ನೆನೆ.

ಜಾತಿ ಸಮುದ್ರ ದಾಟುವುದಿಲ್ಲ ಎನ್ನುತ್ತಾರೆ. ದಾಟಿದೆ. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೊಂದು, ದಲಿತ ಇಂಜಿನಿಯರನಿಗೆ ಮೇಲ್ಜಾತಿಯ ಮೇಲಧಿಕಾರಿಗಳು ತಾರತಮ್ಯ ಮಾಡಿದರೆಂದು ದೊಡ್ಡ ತಂತ್ರಜ್ಞಾನ ಕಂಪನಿಯೊಂದರ ಮೇಲೆ ಮೊಕದ್ದಮೆ ಹೂಡಿತು. ಕಂಪನಿ ಅಲ್ಲಗಳೆಯಿತು. ಇಬ್ಬರು ಅಧಿಕಾರಿಗಳ ಮೇಲಿನ ಆರೋಪವನ್ನು ಇಲಾಖೆ 2023ರಲ್ಲಿ ಕೈಬಿಟ್ಟಿತು. ಆದರೆ ಮಾತು ಮುಚ್ಚಿಹೋಗಲಿಲ್ಲ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು, ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಕ್ಯಾಲಿಫೋರ್ನಿಯಾ ಶಾಸನಸಭೆ ಒಪ್ಪಿದ ಅಂಥದೇ ಮಸೂದೆಗೆ ಅಲ್ಲಿನ ಗವರ್ನರ್ ಅಕ್ಟೋಬರಿನಲ್ಲಿ ಸಹಿ ಹಾಕಲಿಲ್ಲ, ಈಗಿರುವ ಕಾನೂನೇ ಸಾಕೆಂದರು. ಜಾತಿಯ ವಿರುದ್ಧದ್ದು, ಬಣ್ಣದ ತಾರತಮ್ಯದ ವಿರುದ್ಧದ್ದು, ಈ ಎರಡು ಹೋರಾಟಗಳು ಅಣ್ಣತಮ್ಮಂದಿರೆಂದು ಅಂಬೇಡ್ಕರರಿಗೆ ಬಹಳ ಹಿಂದೆಯೇ ಗೊತ್ತಿತ್ತು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿ ಬಂದಿದ್ದ ಅವರು 1946ರಲ್ಲಿ ಕಪ್ಪು ಜನರ ಚಿಂತಕ ಡು ಬೋಯಿಸ್‌ಗೆ ಕಾಗದ ಬರೆದು, ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿರುವ ಮನವಿಯ ಪ್ರತಿ ಕಳಿಸಿ ಎಂದು ಕೇಳಿದ್ದರು. ಡು ಬೋಯಿಸ್ ಉತ್ತರವನ್ನೂ ಬರೆದರು.

ಆದ್ದರಿಂದ ಮಗೂ, ರೂಮು ಹುಡುಕುವಾಗ ನಮ್ಮವರೇ ಬೇಕು ಎಂಬ ಜಾಹೀರಾತಿಗೆ ಹೋಗಬೇಡ. ಹೊಸದಾಗಿ ಬಂದ ಕನ್ನಡದ ಹುಡುಗನ ಊರು ಕೇಳು, ಆಮೇಲೆ ಊರಿನ ಯಾವ ಬೀದಿ, ಮನೆದೇವರು ಯಾವುದು, ಅಡ್ಡಹೆಸರೇನು ಎಂದು ಕೆದಕಬೇಡ. ನಿನಗೆ ಸುಮ್ಮನೆ ಕುತೂಹಲವಿರಬಹುದು, ಅವನಿಗೆ ಅದು ಹೈಸ್ಕೂಲಿನಿಂದಲೂ ಎದುರಿಸಿಕೊಂಡು ಬಂದ ವಿಚಾರಣೆ. ಅವನ ಜಾಗದಲ್ಲಿ ಹುಡುಗಿಯಿದ್ದರೆ ಇನ್ನೂ ಎಚ್ಚರವಾಗಿರು. ನಿನ್ನ ಲ್ಯಾಬನ್ನು ಸಂಜೆ ಗುಡಿಸಲು ಬರುವವಳ ಹೆಸರು ತಿಳಿದುಕೋ, ನಿನ್ನ ಹೆಸರು ಹೇಳು, ಕಸ ಬುಟ್ಟಿಗೇ ಹಾಕು. ಕಪ್ಪು ಸಹಪಾಠಿಯೊಬ್ಬಳು ತನಗಾದ ಅವಮಾನ ಹೇಳಿಕೊಂಡರೆ, ನನಗೂ ವೀಸಾ ಆಫೀಸಿನಲ್ಲಿ ಹೀಗಾಯಿತು ಎಂದು ತಕ್ಷಣ ನಿನ್ನದನ್ನು ಬಿಚ್ಚಬೇಡ. ಅವಳದು ಪೂರ್ತಿ ಕೇಳು. ಪಾಠ ಹೇಳುವ ಸಹಾಯಕನಾದಾಗ ಯಾರ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡುತ್ತೀಯ, ಯಾರನ್ನು ಬೇಗ ಕಳಿಸುತ್ತೀಯ ಎಂದು ಗಮನಿಸಿಕೋ. ಮುಂದೆ ನೀನು ಕೆಲಸಕ್ಕೆ ಜನರನ್ನು ಆರಿಸುವವನಾಗುತ್ತೀಯ, ಆಗ ಈ ಅಭ್ಯಾಸ ಬೇಕಾಗುತ್ತದೆ.

ಬೀದಿಗಿಳಿದು ಜೈಲಿಗೆ ಹೋಗು ಎಂದು ನಾನು ಹೇಳುತ್ತಿಲ್ಲ. ವಿದ್ಯಾರ್ಥಿ ವೀಸಾದವನಿಗೆ ಅದು ಎಷ್ಟು ಅಪಾಯವೆಂದು ನನಗೆ ಗೊತ್ತು. ಪೊಲೀಸರು ಕಾರು ನಿಲ್ಲಿಸಿದರೆ ಕೈ ಕಾಣುವಂತೆ ಇಟ್ಟುಕೊಂಡು ಕೂರು. ಆದರೆ ಮೊದಲ ರಜೆಯಲ್ಲೇ ಮಾಂಟ್ಗೊಮರಿಗೆ ಹೋಗು. 2018ರಲ್ಲಿ ತೆರೆದ ಸ್ಮಾರಕವೊಂದು ಅಲ್ಲಿದೆ. 1877ರಿಂದ 1950ರವರೆಗೆ ಗುಂಪು ಕೂಡಿ ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ನೆನಪಿಗೆ ಎಂಟುನೂರಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ, ಒಂದೊಂದು ಜಿಲ್ಲೆಗೆ ಒಂದೊಂದು. ಆಬರ್ನ್ ಇರುವ ಲೀ ಜಿಲ್ಲೆಯ, ಅದರ ಸುತ್ತಮುತ್ತಲಿನ ಜಿಲ್ಲೆಗಳ ಕಂಬಗಳನ್ನು ಹುಡುಕಿ ಹೆಸರುಗಳನ್ನು ಓದು. ಆ ಸ್ಮಾರಕದಲ್ಲಿ ಹೆಂಗಸರ ಹೆಸರುಗಳೂ ಇವೆ.

ಹೊರಡುವ ಮುನ್ನ ಮನೆಯಲ್ಲೇ ಮಾಡಬೇಕಾದ ಒಂದು ಕೆಲಸವಿದೆ. ನಿನ್ನ ಸಾಲಕ್ಕೆ ಹಾಸನದ ಮನೆಯನ್ನು ಅಡ ಇಟ್ಟರಲ್ಲ, ಪಿತ್ರಾರ್ಜಿತ ಆಸ್ತಿ ಎಂದು ಬ್ಯಾಂಕಿನ ವಕೀಲರು ನಿನ್ನ ಅಕ್ಕನ ಸಹಿಯನ್ನೂ ಕೇಳಿದರು. ಅವಳು ಮಗುವನ್ನು ಎತ್ತಿಕೊಂಡು ಬಂದು ಸಹಿ ಹಾಕಿ ಹೋದಳು. ನಿನ್ನಷ್ಟೇ ಚೆನ್ನಾಗಿ ಓದುತ್ತಿದ್ದ ಅವಳು ಮೈಸೂರಿಗೆ ಹೋಗಿ ಎಂ.ಎಸ್ಸಿ. ಮಾಡುತ್ತೇನೆ ಎಂದಾಗ, ದೂರ, ಖರ್ಚು, ಮದುವೆಗೆ ತಡ ಎಂದು ಊರಿನಲ್ಲೇ ಬಿ.ಎಡ್. ಮಾಡಿಸಿದರು. ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಅಷ್ಟರಲ್ಲಿ ಮದುವೆಯಾಗಿದ್ದ ನನ್ನಂಥವರನ್ನು ಅದು ಬಿಟ್ಟಿತ್ತು. 2005ರಲ್ಲಿ ಇಡೀ ದೇಶಕ್ಕೆ ಅಂಥ ಕಾನೂನು ಬಂತು. ಅಂದರೆ ಅವಳು ಸಹಿ ಹಾಕಿದ್ದು ತನ್ನ ಪಾಲಿನ ಮೇಲೆ, ನಿನ್ನ ಓದಿಗಾಗಿ. ಬ್ಯಾಂಕಿನಲ್ಲಿ ಇಡೀ ಬೆಳಗು ಕೂತಿದ್ದ ನಾವು ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಶನಿವಾರ ಅವಳು ಬರುತ್ತಾಳೆ. ಅವಳ ಜೊತೆ ಕೂತು ಮಾತಾಡು. ಈಗಲೂ ಓದುವ ಮನಸ್ಸಿದೆಯೇ ಎಂದು ಕೇಳು. ಇದೆ ಎಂದರೆ ಕೆಲಸ ಸಿಕ್ಕ ಮೇಲೆ ನಿನ್ನ ಮೊದಲ ಉಳಿತಾಯ ಯಾವುದಕ್ಕೆಂದು ಈಗಲೇ ತೀರ್ಮಾನ ಮಾಡು. ಸಾಲ ತೀರಿದ ಮೇಲೆ ಮನೆಯಲ್ಲಿ ಅವಳ ಪಾಲು ಎಷ್ಟು, ಅದನ್ನು ಯಾವಾಗ, ಹೇಗೆ ಕೊಡುತ್ತೀಯ ಎಂದು ಕಾಗದದ ಮೇಲೆ ಬರೆ. ಅಪ್ಪನ ಕೈಯಲ್ಲೂ ಸಹಿ ಹಾಕಿಸು. ಸಾಕ್ಷಿಯಾಗಿ ನಾನು ಹಾಕುತ್ತೇನೆ, ಅದಕ್ಕೆಂದೇ ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟು ಬರುತ್ತೇನೆ.

ನಿನ್ನ ದೊಡ್ಡಮ್ಮ